ಉತ್ತರ ಆಮೇಲೆ, ಮೊದಲು ನಿನ್ನ ಹಾಳೆ ಕಳಿಸು

ಶಿರಸಿಯಲ್ಲಿ ಪಿಯುಸಿ ಸೈನ್ಸ್ ಓದುವಾಗ ನಮ್ಮ ಕ್ಲಾಸಿನಲ್ಲಿ ಹುಲೇಕಲ್, ಬನವಾಸಿ ಕಡೆಯಿಂದ ಬರುವವರು ಜಾಸ್ತಿ. ಕಾಲೇಜು ಬಿಟ್ಟ ಕೂಡಲೇ ಬಸ್ ಹಿಡಿಯಬೇಕು. ಕೂತು ಡೌಟ್ ಕೇಳೋಕೆ ಟೈಮೇ ಸಿಗುತ್ತಿರಲಿಲ್ಲ. ಹಾಗಾಗಿ ವಾಟ್ಸಾಪ್ ಗ್ರೂಪ್ ಮಾಡಿಕೊಂಡೆವು.

ಆದರೆ ಅಲ್ಲಿ ಗುಡ್ ಮಾರ್ನಿಂಗ್, ರಜೆಯ ಸುದ್ದಿ, ಯಾರೂ ತೆರೆಯದ ಪಿಡಿಎಫ್‌ಗಳ ನಡುವೆ ಪ್ರಶ್ನೆ ಕಳೆದುಹೋಗುತ್ತಿತ್ತು. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ ಅಂತ ಕೆಲವು ಹುಡುಗಿಯರು ಸೇರಲೇ ಇಲ್ಲ. ಅವರ ಹಿಂಜರಿಕೆ ನ್ಯಾಯವೇ. ಟೆಲಿಗ್ರಾಂನಲ್ಲಿ ನಂಬರ್ ಕಾಣದಂತೆ ಇಟ್ಟುಕೊಳ್ಳಬಹುದು. ತಡವಾಗಿ ಬಂದವರಿಗೂ ಹಳೆಯ ಮೆಸೇಜ್ ಕಾಣುವಂತೆ ಮಾಡಬಹುದು. ಡೌಟ್‌ಗಳನ್ನೆಲ್ಲ ಅಲ್ಲಿಗೆ ಒಯ್ದೆವು.

ನಿಯಮ ಒಂದೇ ಇತ್ತು. ಪ್ರಶ್ನೆ ಹಾಕುವವರು ತಾವು ಎಲ್ಲಿಯವರೆಗೆ ಮಾಡಿದ್ದಾರೋ ಆ ಹಾಳೆಯ ಫೋಟೊವನ್ನೂ ಹಾಕಬೇಕು. ನನ್ನ ಪ್ರಕಾರ ಗ್ರೂಪ್ ಉಳಿದಿದ್ದೇ ಇದರಿಂದ.

ಒಮ್ಮೆ ಗೆಳತಿಯೊಬ್ಬಳು ಲೆನ್ಸ್ ಲೆಕ್ಕ ಹಾಕಿದ್ದಳು. ಕಾನ್ವೆಕ್ಸ್ ಲೆನ್ಸ್, ಫೋಕಲ್ ಲೆಂತ್ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿ. ಬಿಂಬ ಎಲ್ಲಿ? ಪುಸ್ತಕದಲ್ಲಿ 60, ಅವಳಿಗೆ 12. ಬರೀ '60' ಅಂತ ಹೇಳಿದ್ದರೆ ಏನು ಬಂತು, ಅದು ಅವಳ ಎದುರಿಗೇ ಇತ್ತಲ್ವಾ? ಫೋಟೊ ನೋಡಿದರೆ 1/20 + 1/30 ಅಂತ ಬರೆದಿದ್ದಳು. ಒಬ್ಬ ಆ ಪ್ಲಸ್ ಸುತ್ತ ಕೆಂಪು ಗೆರೆ ಎಳೆದು, "ವಸ್ತು ಎಡಗಡೆ ಇದೆ, ಅದರ ದೂರ, ಅಂದರೆ ಯು, ಮೈನಸ್ ಅಲ್ವಾ?" ಅಂತ ಕೇಳಿದ. ಅಷ್ಟೇ ಸಾಕಾಯಿತು. 1/20ರಲ್ಲಿ 1/30 ಕಳೆದಳು, 1/60 ಬಂತು, ಅಂದರೆ ಬಿಂಬ 60 ಸೆಂ.ಮೀ. ದೂರದಲ್ಲಿ. ಸುಮ್ನೆ ಓದುತ್ತಿದ್ದ ಇನ್ನಿಬ್ಬರು "ನಂದೂ ಇದೇ ಜಾಗದಲ್ಲಿ ತಪ್ಪಿತ್ತು" ಅಂದರು.

ಮಳೆಗಾಲದಲ್ಲಿ ನಮ್ಮೂರ ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋದ ಹಾಗೆ. ವಿಡಿಯೊ ತೆರೆಯುವುದೇ ಇಲ್ಲ. ಅದಕ್ಕೆ ಹಾಳೆಯ ಫೋಟೊ, ಜೊತೆಗೊಂದು ಚಿಕ್ಕ ವಾಯ್ಸ್ ಮೆಸೇಜ್. ರಾತ್ರಿ ಸಿಗದವರು ಬೆಳಿಗ್ಗೆ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೋಡಿಕೊಳ್ಳುತ್ತಿದ್ದರು.

ಇಬ್ಬರು ಬೇರೆ ಬೇರೆ ಉತ್ತರ ಕೊಟ್ಟರೆ ವಾದ ಬೆಳೆಸುತ್ತಿರಲಿಲ್ಲ. ಮರುದಿನ ಸರ್ ಹತ್ತಿರ ಕೇಳಿ, ಅವರು ಹೇಳಿದ್ದನ್ನು ಅದೇ ಪ್ರಶ್ನೆಗೆ ರಿಪ್ಲೈ ಆಗಿ ಬರೆಯಬೇಕು. ಪ್ರಶ್ನೆ ಹಾಕಿದವರದೇ ಆ ಕೆಲಸ. ಈಗ ನಾವು ಡಿಗ್ರಿಗೆ ಬಂದಿದ್ದೇವೆ. ಜೂನಿಯರ್‌ಗಳು ಅದೇ ಗ್ರೂಪಿನಲ್ಲಿ ಹಳೆಯ ರಿಪ್ಲೈಗಳನ್ನು ಹುಡುಕಿ ಓದುತ್ತಾರೆ, ಸಿಗದಿದ್ದರೆ ಮಾತ್ರ ಹೊಸದಾಗಿ ಕೇಳುತ್ತಾರೆ.