ಪೆಟ್ರೋಲ್ ಟ್ಯಾಂಕಿನ ಮುಚ್ಚಳ: ಮನೆಯಲ್ಲೇ ಬದಲಿಸುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಹಾಸನ ದಾಟಿದ ಮೇಲೆ ಒಂದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಶಿರಾಡಿ ಘಾಟಿಯತ್ತ ಹೊರಟಿದ್ದೆವು. ಸಕಲೇಶಪುರದಲ್ಲಿ ಕಾಫಿಗೆಂದು ಇಳಿದಾಗ ನೋಡುತ್ತೇನೆ, ಟ್ಯಾಂಕಿಗೆ ಮುಚ್ಚಳವೇ ಇಲ್ಲ. ಅದನ್ನು ಕಾರಿಗೆ ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿ ತುಂಡಾಗಿ ತಿಂಗಳುಗಳೇ ಆಗಿದ್ದವು, ನಾನು ಗಮನ ಕೊಟ್ಟಿರಲಿಲ್ಲ. ಪೆಟ್ರೋಲ್ ಹಾಕುವಾಗ ಕಾರಿನ ಮೇಲಿಟ್ಟ ಮುಚ್ಚಳ ದಾರಿಯಲ್ಲೆಲ್ಲೋ ಉರುಳಿಹೋಗಿತ್ತು. ಮೇಲೆ ಧೋ ಎಂದು ಮಳೆ. ಪಕ್ಕದಲ್ಲಿದ್ದವರೊಬ್ಬರು ‘ಒಂದು ಬಟ್ಟೆ ತುರುಕಿ ಹೊರಡಿ ಸಾರ್’ ಎಂದರು.

ಆ ಕೆಲಸವನ್ನು ಮಾತ್ರ ಯಾರೂ ಮಾಡಬಾರದು. ಟ್ಯಾಂಕಿನ ಬಾಯಿಗೆ ತುರುಕಿದ ಬಟ್ಟೆ ದೀಪದ ಬತ್ತಿಯಂತೆ ಪೆಟ್ರೋಲನ್ನು ಹೀರಿ ಹೊರಗೆ ಆವಿ ಬಿಡುತ್ತದೆ. ಮಳೆ ನೀರನ್ನು ಒಳಗಿಳಿಸುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬಾಯಿಗೆ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿ, ಹೊರಗಿನ ಪುಟ್ಟ ಬಾಗಿಲಿಗೆ ಟೇಪ್ ಅಂಟಿಸಿ, ಹತ್ತಿರದ ಬಿಡಿಭಾಗಗಳ ಅಂಗಡಿಯವರೆಗೆ ನಿಧಾನವಾಗಿ ಹೋಗಬಹುದು. ಅಷ್ಟೇ, ಅದಕ್ಕಿಂತ ದೂರಕ್ಕಲ್ಲ.

ಈಗ ನೀರಿನ ವಿಷಯದಲ್ಲಿ ಮೊದಲಿಗಿಂತ ಹೆಚ್ಚು ಎಚ್ಚರ ಬೇಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಇಂಧನ ಎಳೆಯುವುದು ಅಲ್ಲಿಂದಲೇ.

ಮುಚ್ಚಳ ಕಳೆದೇ ಹೋಗಬೇಕೆಂದಿಲ್ಲ, ಅದು ಹಾಳಾದರೂ ಬದಲಿಸಬೇಕು. ಒಳಭಾಗದ ಕರಿ ರಬ್ಬರ್ ವಾಷರನ್ನು ಬೆರಳಿನಿಂದ ಸವರಿ ನೋಡಿ. ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ, ಒಂದು ಕಡೆ ಚಪ್ಪಟೆಯಾಗಿದ್ದರೆ ಅದರ ಕೆಲಸ ಮುಗಿದಂತೆ. ತಿರುಗಿಸುವಾಗ ‘ಟಿಕ್’ ಸದ್ದು ಬರಬೇಕಾದ ಮುಚ್ಚಳ ಸುಮ್ಮನೆ ಸುತ್ತುತ್ತಿದ್ದರೂ ಹಾಗೆಯೇ. ಬಿಸಿಲಲ್ಲಿ ನಿಂತ ಕಾರಿನ ಹಿಂಬದಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಮೊದಲು ನೋಡಬೇಕಾದದ್ದೂ ಇದನ್ನೇ.

ಹೊಸದನ್ನು ಕೊಳ್ಳುವಾಗ ಕಂಪನಿ, ಮಾದರಿ, ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ ಎಂಬುದನ್ನು ಹೇಳಿ. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಕೊಟ್ಟರೆ ಇನ್ನೂ ನಿಖರ. ಹಳೆಯ ಮುಚ್ಚಳ ಇದ್ದರೆ ಕೈಯಲ್ಲೇ ಹಿಡಿದುಕೊಂಡು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ನೋಡಲು ಒಂದೇ ತರಹದ ಹತ್ತಾರು ಮುಚ್ಚಳಗಳು ಸಿಗುತ್ತವೆ. ಬಾಯಿಗೆ ಕೂತ ಮಾತ್ರಕ್ಕೆ ಅದು ನಿಮ್ಮ ಕಾರಿನದೆಂದು ನಂಬಬೇಡಿ. ಇದು ಉಪ್ಪಿನಕಾಯಿ ಜಾಡಿಯ ಮುಚ್ಚಳದಂತಲ್ಲ. ಅನೇಕ ಕಾರುಗಳಲ್ಲಿ ಇದರೊಳಗೆ ಸಣ್ಣ ಕವಾಟವಿರುತ್ತದೆ. ಇಂಧನ ಖಾಲಿಯಾಗುತ್ತಾ ಟ್ಯಾಂಕಿನಲ್ಲಿ ನಿರ್ವಾತ ಉಂಟಾದಾಗ ಅದು ಹೊರಗಿನ ಗಾಳಿಯನ್ನು ಒಳಗೆ ಬಿಡುತ್ತದೆ, ಆದರೆ ಆವಿಯನ್ನು ಹೊರಗೆ ಹೋಗಗೊಡುವುದಿಲ್ಲ. ಆ ಆವಿ ಇದ್ದಿಲು ತುಂಬಿದ ಡಬ್ಬಿಯೊಂದರಲ್ಲಿ ಸಂಗ್ರಹವಾಗಿ, ಆಮೇಲೆ ಎಂಜಿನ್‌ನಲ್ಲಿ ಉರಿಯುತ್ತದೆ. ತಪ್ಪು ಮುಚ್ಚಳ ಹಾಕಿದರೆ ಈ ಏರ್ಪಾಡೇ ಕೆಡುತ್ತದೆ. (ನಳಿಕೆ ತಾನಾಗಿ ನಿಂತ ಮೇಲೂ ‘ರೌಂಡ್ ಫಿಗರ್’ ಮಾಡಿಸಲು ಮತ್ತೆ ಮತ್ತೆ ಹಾಕಿಸುವವರು ಇದನ್ನು ನೆನಪಿಡಬೇಕು: ಹೆಚ್ಚಾದ ಪೆಟ್ರೋಲ್ ಅದೇ ಡಬ್ಬಿಗೆ ನುಗ್ಗಿ ಇದ್ದಿಲನ್ನು ಹಾಳುಮಾಡಬಹುದು.)

ಇನ್ನು ಕೆಲಸ. ಕಾರನ್ನು ಬಯಲಲ್ಲಿ, ನೆರಳಿರುವ ಕಡೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆ ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಶೇಖರವಾಗುತ್ತದೆ. ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಆವಿ ಅದು. ಬೀಡಿ, ಸಿಗರೇಟು, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಮುಚ್ಚಳ ಮುಟ್ಟುವ ಮೊದಲು ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ತು ಹರಿದುಹೋಗುತ್ತದೆ.

ಸನ್ನೆಕೋಲನ್ನು (ಲಿವರ್) ಎಳೆದು ಹೊರ ಬಾಗಿಲು ತೆರೆಯಿರಿ. ಸುತ್ತಲಿನ ಧೂಳನ್ನು ಈಗಲೇ ಒರೆಸಿ, ಮುಚ್ಚಳ ತೆಗೆದ ಮೇಲೆ ಒರೆಸಿದರೆ ಅದು ಟ್ಯಾಂಕಿಗೆ ಬೀಳುತ್ತದೆ. ಹಳೆಯ ಮುಚ್ಚಳವನ್ನು ಎಡಕ್ಕೆ ಸ್ವಲ್ಪವೇ ತಿರುಗಿಸಿ ತಡೆಯಿರಿ. ‘ಸುಸ್’ ಎಂಬ ಸದ್ದು ನಿಲ್ಲುವವರೆಗೆ ಕಾದು, ಪೂರ್ತಿ ಬಿಚ್ಚಿ.

ಪಟ್ಟಿಯ ಇನ್ನೊಂದು ತುದಿಯಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಗುಬಟೊಂದು ರಂಧ್ರದಲ್ಲಿ ಕೂತಿರುತ್ತದೆ. ಅದನ್ನು ಬೆರಳಿನಿಂದಲೋ ಪ್ಲಾಸ್ಟಿಕ್ ಚಮಚದ ಹಿಡಿಯಿಂದಲೋ ಮೀಟಿ ತೆಗೆಯಿರಿ. ಸ್ಕ್ರೂಡ್ರೈವರ್ ಜಾರಿದರೆ ಬಣ್ಣ ಗೀಚುತ್ತದೆ, ಕಿಡಿಯ ಭಯವೂ ಇದೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ಅಗಲ, ತಿರುಪು, ವಾಷರ್ ಮೂರನ್ನೂ ಹೋಲಿಸಿ. ಟ್ಯಾಂಕಿನ ಬಾಯಿಯ ಅಂಚನ್ನು ನೂಲು ಬಿಡದ ಒಣಬಟ್ಟೆಯಿಂದ ಒರೆಸಿ, ತುಕ್ಕಿದೆಯೇ ನೋಡಿ. ತುಕ್ಕು ಹಿಡಿದ ಅಂಚಿನ ಮೇಲೆ ಎಂಥ ಹೊಸ ವಾಷರ್ ಕೂಡ ಸರಿಯಾಗಿ ಕೂರುವುದಿಲ್ಲ. ಆಗ ಮೆಕ್ಯಾನಿಕ್‌ಗೆ ತೋರಿಸಬೇಕು. ವಾಷರಿಗೆ ಗ್ರೀಸಾಗಲಿ ಎಣ್ಣೆಯಾಗಲಿ ಹಚ್ಚಬೇಡಿ.

ಮೊದಲು ಹೊಸ ಪಟ್ಟಿಯ ಗುಬಟನ್ನು ರಂಧ್ರಕ್ಕೆ ಒತ್ತಿ ಕೂರಿಸಿ, ಎಳೆದು ಪರೀಕ್ಷಿಸಿ. ಅನಂತರ ತಿರುಪಿನ ಮುಚ್ಚಳವನ್ನು ಬಾಯಿಯ ಮೇಲಿಟ್ಟು ಒಮ್ಮೆ ಎಡಕ್ಕೆ ತಿರುಗಿಸಿ. ತಿರುಪು ತನ್ನ ದಾರಿಗೆ ಇಳಿದದ್ದು ಕೈಗೆ ತಿಳಿಯುತ್ತದೆ. ಆಮೇಲೆ ಬಲಕ್ಕೆ ತಿರುಗಿಸಿ, ‘ಟಿಕ್’ ಎಂದ ಮೇಲೆ ನಿಲ್ಲಿಸಿ. ಕೆಲವು ಕಾರುಗಳಲ್ಲಿ ಮೂರು ಸಲ ಟಿಕ್ ಎನ್ನಿಸಬೇಕೆಂದು ಕೈಪಿಡಿ ಹೇಳುತ್ತದೆ. ಬಿಗಿಯಾದರೆ ಬಲ ಹಾಕಬೇಡಿ, ಬಿಚ್ಚಿ ಮತ್ತೆ ಶುರುಮಾಡಿ. ಹೊರ ಬಾಗಿಲು ಮುಚ್ಚುವಾಗ ಪಟ್ಟಿ ನಡುವೆ ಸಿಕ್ಕಿಕೊಳ್ಳದಿರಲಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ 1996ರ ಮಾದರಿಯಿಂದೀಚಿನ ಕಾರುಗಳ ಕಂಪ್ಯೂಟರ್ ಆವಿ ಸೋರಿಕೆಯನ್ನೂ ಗಮನಿಸುವುದರಿಂದ, ಮುಚ್ಚಳ ಸಡಿಲವಾದರೆ ಸಾಕು, ಚೆಕ್ ಎಂಜಿನ್ ದೀಪ ಹೊತ್ತಬಹುದು. ಹೊಸದು ಹಾಕಿದ ತಕ್ಷಣ ದೀಪ ಆರದಿದ್ದರೆ ಗಾಬರಿ ಬೇಡ, ಕೆಲವು ದಿನ ಓಡಾಡಿದ ಮೇಲೆ ಆರುತ್ತದೆ. ಆಗಲೂ ಆರದಿದ್ದರೆ ದೋಷ ಬೇರೆ ಕಡೆ ಇದೆ.

ಮರುದಿನ ಬೆಳಿಗ್ಗೆ ಹೊರ ಬಾಗಿಲ ಬಳಿ ಮೂಗು ಒಡ್ಡಿ ನೋಡಿ, ವಾಸನೆ ಇರಬಾರದು. ಹಳೆಯ ಮುಚ್ಚಳದ ವಾಷರ್ ಇನ್ನೂ ಚೆನ್ನಾಗಿದ್ದು ಪಟ್ಟಿ ಮಾತ್ರ ತುಂಡಾಗಿದ್ದರೆ, ಅದನ್ನು ಒರೆಸಿ ಕವರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಡಿ. ನನ್ನ ಕಾರಿನಲ್ಲಿ ಈಗ ಅಂಥದ್ದೊಂದು ಸ್ಟೆಪ್ನಿಯ ಪಕ್ಕದಲ್ಲೇ ಇದೆ.