ಮಗುವಿನ ತೂಕ ಏರುತ್ತಿಲ್ಲವೇ? ರಾಗಿ ಸರಿ ಗಟ್ಟಿಯಾಗಿದೆಯಾ ನೋಡಿ

ಪಕ್ಕದ ಮನೆಯ ಗುಂಡುಮರಿ ಜೊತೆ ನಿಮ್ಮ ಮಗುವನ್ನು ಹೋಲಿಸಬೇಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಚುಕ್ಕೆ ಇಡಿಸಿ. ಮಗು ಸಣ್ಣಗಿದ್ದರೂ ಚುಕ್ಕೆ ಸೇರಿಸುವ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಗೆರೆ ಅಡ್ಡ ಮಲಗಿದರೆ ಕಾರಣ ಹುಡುಕಬೇಕು.

ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಅದು ಮರಳಿ ಬರಬೇಕು. ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 25–30 ಗ್ರಾಂ ಏರುತ್ತದೆ. ವರ್ಷ ತುಂಬುವಾಗ ಹುಟ್ಟಿದ ತೂಕದ ಸುಮಾರು ಮೂರರಷ್ಟಾಗುತ್ತದೆ.

ಆರು ತಿಂಗಳವರೆಗೆ ಎದೆಹಾಲು ಮಾತ್ರ. ಕೋಲಾರದ ಏಪ್ರಿಲ್ ಬಿಸಿಲಲ್ಲೂ ನೀರು ಬೇಡ. ಹಗಲು ರಾತ್ರಿ ಸೇರಿ 8–12 ಸಲ ಕುಡಿಸಿ. ಬರೀ ತೊಟ್ಟು ಚೀಪಿದರೆ ಹಾಲು ಸರಿಯಾಗಿ ಬರುವುದಿಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಒಳ್ಳೆಯ ಗುರುತು.

ಆರು ತಿಂಗಳು ತುಂಬಿದ ಮೇಲೆ ನಮ್ಮ ಕಡೆ ಎಡವುವುದು ರಾಗಿ ಸರಿಯಲ್ಲೇ. ರಾಗಿಯದೇನೂ ತಪ್ಪಿಲ್ಲ, ನೀರು ಜಾಸ್ತಿ! ತೆಳ್ಳನೆ ಸರಿಯಿಂದ ಪುಟ್ಟ ಹೊಟ್ಟೆ ಬೇಗ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಒಣಗಿಸಿ, ಸಣ್ಣ ಉರಿಯಲ್ಲಿ ಸ್ವಲ್ಪವೇ ಹುರಿದು, ಬೀಸಿ, ಜರಡಿ ಹಿಡಿಯಿರಿ. ಮೊಳಕೆ ಹಿಟ್ಟು ಬೇಯುವಾಗ ಅಷ್ಟು ಬಿಗಿಯುವುದಿಲ್ಲ. ಹಾಗಾಗಿ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಚಮಚ ಓರೆ ಮಾಡಿದರೆ ಸರಿ ಹರಿದು ಬೀಳಬಾರದು, ಅದೇ ಹದ. ಮೇಲೆ ಒಂದು ಚಮಚ ತುಪ್ಪ ಹಾಕಿ, ಇಲ್ಲವೇ ಕಡಲೆಕಾಯಿ ಎಣ್ಣೆ.

ಬರೀ ಸರಿಯೂ ಸಾಲದು. ಬಸ್ಸಾರಿಗೆ ಬೇಯಿಸಿದ ಬೇಳೆ, ಸೊಪ್ಪನ್ನು ಖಾರ, ಉಪ್ಪು ಹಾಕುವ ಮೊದಲೇ ತೆಗೆದು, ಅನ್ನದ ಜೊತೆ ಕಿವುಚಿ. ಚೆನ್ನಾಗಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಕೊಡಿ. 6–8 ತಿಂಗಳಲ್ಲಿ ದಿನಕ್ಕೆ 2–3 ಸಲ, ಆಮೇಲೆ 3–4 ಸಲ. ಎದೆಹಾಲು ಮುಂದುವರಿಯಲಿ. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಮಗುವಿಗೂ ಒಂದು ಲೋಟ ಎತ್ತಿಡುವ ಆಸೆ ಸಹಜ ಅಲ್ವಾ? ಆದರೆ ವರ್ಷದೊಳಗೆ ಎದೆಹಾಲಿನ ಬದಲು ಹಸುವಿನ ಹಾಲು ಬೇಡ. ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಸಿವಿನ ಟಾನಿಕ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

ಆರು ತಿಂಗಳು ದಾಟಿದ ಮಗುವಿನ ಮೇಲ್ತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಇಂಥ ಮಕ್ಕಳಿಗೆ ಚಿಕಿತ್ಸೆ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರದ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಎರಡೂ ಪಾದ ಊದಿದರೆ, ಹಾಲು ಕುಡಿಯುವಾಗ ಬೆವರಿ ಏದುಸಿರು ಬಿಟ್ಟರೆ, ಮಗು ಮಂಕಾಗಿ ಏನೂ ಕುಡಿಯದಿದ್ದರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.