ಹಲ್ಲು ಕೀಳುವ ಮೊದಲು ನಾನು ಹೇಳುವ ಮಾತು

"ಯವ್ವಾ, ನನ್ನ ಹಿಡ್ಕೊಳಾಕ ಎಷ್ಟು ಮಂದಿ ಬೇಕಾಗ್ತದ?"

ಕುರ್ಚಿಯಲ್ಲಿ ಕೂತ ಮುತ್ಯಾ ಮೊದಲು ಕೇಳಿದ್ದು ಇದನ್ನೇ. ಅಫಜಲಪುರ ಕಡೆಯ ಹಳ್ಳಿಯವರು, ಎಪ್ಪತ್ತರ ಹತ್ತಿರದ ವಯಸ್ಸು. ಅವರು ಸಣ್ಣವರಿದ್ದಾಗ ಸಂತೆಯಲ್ಲಿ ಹಲ್ಲು ಕೀಳುವವನ ಮುಂದೆ ಅವರ ಅಪ್ಪನನ್ನು ಇಬ್ಬರು ಹಿಡಿದು ಕೂರಿಸಿದ್ದರಂತೆ. ಅದನ್ನು ಕಣ್ಣಾರೆ ಕಂಡವರು ಅವರು. ಆ ನೆನಪಿಗೇ ಎರಡು ತಿಂಗಳು ನೋವು ತಡೆದುಕೊಂಡಿದ್ದರು. ದವಡೆಗೆ ಲವಂಗ ಇಟ್ಟುಕೊಂಡರು, ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿದರು. ಕೊನೆಗೆ ಗಲ್ಲ ಬಾತಾಗ ಮೊಮ್ಮಗ ಕರೆದುಕೊಂಡು ಬಂದ.

ಕಲಬುರಗಿಯಲ್ಲಿ ಹಲ್ಲಿನ ಡಾಕ್ಟರಾಗಿ ನನಗೆ 14 ವರ್ಷ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನರಿಗೆ ನೋವಿಗಿಂತ ಜಾಸ್ತಿ ಕಾಡುವುದು ಒಳಗೆ ಏನಾಗುತ್ತದೋ ಅನ್ನುವ ಭಯ. ಅದಕ್ಕೇ ಸೂಜಿ ಕೈಗೆತ್ತಿಕೊಳ್ಳುವ ಮೊದಲು ನಾನು ಹತ್ತು ನಿಮಿಷ ಮಾತಿಗೆ ಇಡುತ್ತೇನೆ.

ಮೊದಲ ಮಾತು, ಈ ಹಲ್ಲು ಕೀಳಲೇಬೇಕಾ ಅಂತ. ಬೇರು ಗಟ್ಟಿ ಇದ್ದು ಹುಳುಕು ನರದವರೆಗೆ ಹೋಗಿದ್ದರೆ ರೂಟ್ ಕೆನಾಲ್ ಮಾಡಿ ಉಳಿಸಬಹುದು. ಎಕ್ಸ್‌ರೇ ತೆಗೆದು ಅವರಿಗೇ ತೋರಿಸುತ್ತೇನೆ. ಇನ್ನೊಂದು ಮಾತು ನಮ್ಮ ಭಾಗದವರಿಗೆ. ಇಲ್ಲಿ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದವರ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಕೆಟ್ಟಿದೆ ಅಂತ ಹಲ್ಲು ಕೀಳಿಸಬೇಡಿ. ಮದುವೆ ಗೊತ್ತಾದ ಹುಡುಗಿಯರು ಮುಂದಿನ ಹಲ್ಲು ತೆಗೆದುಬಿಡಿ ಅಂತ ಬಂದದ್ದುಂಟು. ಅವರನ್ನು ವಾಪಸ್ ಕಳಿಸುವುದಿಲ್ಲ, ಕೂರಿಸಿ ಬೇರೆ ದಾರಿ ಹೇಳುತ್ತೇನೆ.

ಆಮೇಲೆ ಆರೋಗ್ಯ ವಿಚಾರಿಸುತ್ತೇನೆ. ಬಿಪಿ, ಸಕ್ಕರೆ ಕಾಯಿಲೆ ಇದೆಯಾ? ಹೃದಯದ ಆಪರೇಷನ್ ಆಗಿದೆಯಾ? ರಕ್ತ ತೆಳ್ಳಗೆ ಮಾಡುವ ಗುಳಿಗೆ ನಡೆದಿದೆಯಾ? ಯಾವುದಾದರೂ ಔಷಧಿ ಒಗ್ಗುವುದಿಲ್ಲವಾ? ಹೊಟ್ಟೆಯಲ್ಲಿ ಕೂಸಿದೆಯಾ? ಇದರಲ್ಲಿ ಒಂದನ್ನೂ ಮುಚ್ಚಿಡಬೇಡಿ. ಹಲ್ಲು ಕೀಳಿಸಬೇಕು ಅಂತ ಹೃದಯದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿ ಬರುವವರಿದ್ದಾರೆ. ಅದು ರಕ್ತ ಸೋರುವುದಕ್ಕಿಂತ ದೊಡ್ಡ ಅಪಾಯ. ಗುಳಿಗೆಯ ಚೀಟಿ ತಂದು ತೋರಿಸಿ, ಮುಂದಿನದನ್ನು ನಾವು ಮತ್ತು ನಿಮ್ಮ ಹೃದಯದ ಡಾಕ್ಟರು ಮಾತಾಡಿಕೊಳ್ಳುತ್ತೇವೆ. ಬಿಪಿ 180/110 ದಾಟಿದ್ದರೆ ನಾನು ಅವತ್ತು ಹಲ್ಲು ಮುಟ್ಟುವುದಿಲ್ಲ.

ಖಾಲಿ ಹೊಟ್ಟೆಯಲ್ಲಂತೂ ಬರಬೇಡಿ. ಆಪರೇಷನ್ ಅಂದರೆ ಉಪವಾಸ ಇರಬೇಕು ಅಂದುಕೊಂಡು ಎಷ್ಟೋ ಜನ ಹಾಗೇ ಬಂದುಬಿಡುತ್ತಾರೆ. ಜೇವರ್ಗಿಯಿಂದಲೋ ಚಿಂಚೋಳಿಯಿಂದಲೋ ಬೆಳಗಿನ ಬಸ್ಸು ಹಿಡಿದು, ಮೇ ತಿಂಗಳ ಬಿಸಿಲಲ್ಲಿ ನಡೆದು ಬಂದವರು ಸೂಜಿ ಕಂಡ ಕೂಡಲೇ ತಲೆ ಸುತ್ತಿ ಬೀಳುತ್ತಾರೆ. ಹಲ್ಲಿನ ಸುತ್ತ ಮಾತ್ರ ಮರಗಟ್ಟಿಸುವುದಾದರೆ ಉಪವಾಸ ಬೇಕಿಲ್ಲ. ರೊಟ್ಟಿ ತಿಂದು, ದಿನದ ಗುಳಿಗೆ ನುಂಗಿಯೇ ಬನ್ನಿ. ಶ್ರಾವಣ ಸೋಮವಾರದವರಿಗೆ, ರೋಜಾ ಇರುವವರಿಗೆ ಅವಸರ ಇಲ್ಲದಿದ್ದರೆ ಬೇರೆ ದಿನ ಕೊಡುತ್ತೇನೆ.

ಇನ್ನು ಸೂಜಿ. ನೋವಾಗುವುದು ಇಲ್ಲೇ, ಅದೂ ಇರುವೆ ಕಚ್ಚಿದಷ್ಟು. ಮೊದಲು ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚುತ್ತೇನೆ. ಲಿಗ್ನೋಕೇಯ್ನ್ ಔಷಧಿಯನ್ನು ನಿಧಾನ, ಬಹಳ ನಿಧಾನ ಬಿಡುತ್ತೇನೆ. ಅವಸರದಲ್ಲಿ ಒತ್ತಿದರೆ ಉರಿ ಜಾಸ್ತಿ. ಸ್ವಲ್ಪ ಹೊತ್ತು ಎದೆ ಡವಡವ ಅನ್ನಬಹುದು. ಔಷಧಿಯಲ್ಲಿ ಅಡ್ರಿನಲಿನ್ ಸೇರಿರುವುದರಿಂದ ಹಾಗಾಗುತ್ತದೆ, ಬೇಗ ಇಳಿಯುತ್ತದೆ. ಕೆಳಗಿನ ದವಡೆ ಹಲ್ಲಾದರೆ ಐದು ನಿಮಿಷದಲ್ಲಿ ಅರ್ಧ ತುಟಿ ದಪ್ಪ ಆದಂತೆ ಅನಿಸುತ್ತದೆ. ಕನ್ನಡಿ ಕೊಡುತ್ತೇನೆ, ನೋಡಿಕೊಳ್ಳಲಿ ಅಂತ. ತುಟಿ ಬಾತಿರುವುದಿಲ್ಲ, ಹಾಗೆ ಅನಿಸುತ್ತದೆ ಅಷ್ಟೇ. ಚೂಪು ಕಡ್ಡಿಯಿಂದ ವಸಡು ಚುಚ್ಚಿ "ಚುಚ್ಚಿದಂಗ ಆಗ್ತದೋ, ಒತ್ತಿದಂಗ ಆಗ್ತದೋ?" ಅಂತ ಕೇಳುತ್ತೇನೆ. ಒತ್ತಿದ ಹಾಗೆ ಅಂದರೆ ಮಾತ್ರ ಮುಂದಿನ ಕೆಲಸ. ಕೀವು ತುಂಬಿದ ಜಾಗದಲ್ಲಿ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ಅಂಥವರಿಗೆ ಕೀವು ತೆಗೆದು, ಗುಳಿಗೆ ಕೊಟ್ಟು, ಕೆಲವು ದಿನ ಬಿಟ್ಟು ಬರಲು ಹೇಳುವುದುಂಟು. ಮುತ್ಯಾನಿಗೂ ಹಾಗೇ ಮಾಡಿದೆ. ಹಲ್ಲು ತೆಗೆದದ್ದು ಆರನೇ ದಿನ.

ಈಗ ಕೀಳುವುದು. ಜನ ಅಂದುಕೊಂಡಂತೆ ಜಗ್ಗಿ ಎಳೆಯುವ ಕೆಲಸ ಇದಲ್ಲ. ಹಲ್ಲು ಎಲುಬಿಗೆ ಅಂಟಿಕೊಂಡಿರುವುದಿಲ್ಲ. ಸುತ್ತಲೂ ಸಣ್ಣ ಸಣ್ಣ ನಾರುಗಳು ಅದನ್ನು ಹಿಡಿದಿರುತ್ತವೆ. ಎಲಿವೇಟರ್ ಅನ್ನುವ ತೆಳ್ಳನೆಯ ಉಪಕರಣದಿಂದ ಆ ನಾರು ಬಿಡಿಸುತ್ತೇನೆ. ನಂತರ ಇಕ್ಕಳದಲ್ಲಿ ಹಲ್ಲನ್ನು ಹಿಡಿದು ಕೆನ್ನೆ ಕಡೆಗೊಮ್ಮೆ, ನಾಲಿಗೆ ಕಡೆಗೊಮ್ಮೆ ಮೆಲ್ಲಗೆ ಬಾಗಿಸುತ್ತೇನೆ. ಗೂಡು ಅಗಲ ಆಗುತ್ತಾ ಹೋಗುತ್ತದೆ. ಇದನ್ನು ವಿವರಿಸುತ್ತಿದ್ದಾಗ ಮುತ್ಯಾನೇ ಅಂದರು, "ಎರಿ ಹೊಲದಾಗ ಎತ್ತಿನ ಗೂಟ ಕಿತ್ತಿದಂಗ ಅನ್ನು. ಅಲ್ಲಾಡಿಸದ ಜಗ್ಗಿದ್ರ ಗೂಟ ಮುರೀತದ." ಹೌದು, ಹಾಗೇ. ಅವತ್ತಿನಿಂದ ರೈತರಿಗೆಲ್ಲ ನಾನು ಇದೇ ಮಾತು ಹೇಳುತ್ತೇನೆ.

ಆ ಹೊತ್ತಿನಲ್ಲಿ ಒತ್ತಡ ಗೊತ್ತಾಗುತ್ತದೆ, ನೋವು ಗೊತ್ತಾಗಬಾರದು. "ಕಟಕ್" ಅನ್ನುವ ಸದ್ದೂ ಕೇಳುತ್ತದೆ. ದವಡೆ ಎಲುಬಿನಿಂದ ನೇರ ಕಿವಿಗೆ ಹೋಗುವುದರಿಂದ ಅದು ದೊಡ್ಡದಾಗಿ ಕೇಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ದವಡೆ ಮುರಿಯಿತು ಅಂತಲೇ ಹೆದರುತ್ತಾರೆ. ನೋವಾದರೆ ಎಡಗೈ ಎತ್ತಿ ಅಂದಿರುತ್ತೇನೆ. ಕೈ ಎತ್ತಿದರೆ ನಿಲ್ಲಿಸಿ ಇನ್ನಷ್ಟು ಔಷಧಿ ಕೊಡುತ್ತೇನೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅನ್ನುವುದು ಸುಳ್ಳು. ಕಣ್ಣಿನ ನರವೇ ಬೇರೆ, ಹಲ್ಲಿನ ನರವೇ ಬೇರೆ.

ಹಲ್ಲು ಬಂದ ಮೇಲೆ ಹತ್ತಿಬಟ್ಟೆ ಮಡಚಿ ಆ ಜಾಗದಲ್ಲಿಟ್ಟು ಕಚ್ಚಿಸುತ್ತೇನೆ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಇನ್ನೂ ಬಾಕಿ, ಅದು ರೋಗಿಯ ಕೈಯಲ್ಲಿದೆ. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ.

ಕ್ಲಿನಿಕ್ ತೆರೆದ ಎರಡನೇ ವರ್ಷ. ಲಾರಿ ಓಡಿಸುವ ಹುಡುಗನೊಬ್ಬನ ಕೆಳಗಿನ ದವಡೆ ಹಲ್ಲು ತೆಗೆದೆ. ಸಲೀಸಾಗಿ ಬಂತು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದಾಗಲೇ ಏನು ಮಾಡಬೇಕು, ಏನು ಮಾಡಬಾರದು ಅಂತ ಗಡಿಬಿಡಿಯಲ್ಲಿ ಹೇಳಿ ಮುಗಿಸಿದೆ. ಅವನು ತಲೆಯಾಡಿಸಿದ. ನಾಲ್ಕನೇ ದಿನ ಕಿವಿ ಮೇಲೆ ಕೈ ಇಟ್ಟುಕೊಂಡು ಬಂದ. "ಕಿವ್ಯಾಗ ಸೂಜಿ ಹಾಕಿ ತಿರುವಿದಂಗ ಆಗ್ತದ್ರಿ, ಎರಡು ರಾತ್ರಿ ಆತು ನಿದ್ದಿ ಇಲ್ಲ." ಬಾಯಿ ನೋಡಿದೆ. ಗೂಡು ಖಾಲಿ. ಹೆಪ್ಪುಗಟ್ಟಿದ ರಕ್ತವೇ ಇರಲಿಲ್ಲ, ಒಳಗಿನ ಎಲುಬು ಬೂದು ಬಣ್ಣದಲ್ಲಿ ಕಾಣುತ್ತಿತ್ತು, ವಾಸನೆ ಬೇರೆ. ಅವತ್ತು ಸಂಜೆಯೇ ಬೀಡಿ ಸೇದಿದ್ದ, ರಾತ್ರಿಯಿಡೀ ಬಾಯಿ ಮುಕ್ಕಳಿಸಿ ಉಗುಳಿದ್ದ. ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತೇವೆ. ತೊಳೆದು ಲವಂಗದ ಎಣ್ಣೆಯ ಔಷಧಿ ತುಂಬಿದೆ. ಕೂತಲ್ಲೇ ಅವನ ಮುಖ ಸಡಿಲವಾಯಿತು. ಆದರೆ ಆ ಎರಡು ರಾತ್ರಿಯ ನೋವು ನಾನು ಸರಿಯಾಗಿ ಹೇಳಿದ್ದರೆ ತಪ್ಪುತ್ತಿತ್ತು. ಬಾಯಿ ಮರಗಟ್ಟಿ, ಮನಸ್ಸು ಗಾಬರಿಯಾದವನಿಗೆ ಹೇಳಿದ್ದು ಕಿವಿಗೆ ಬೀಳುವುದಿಲ್ಲ.

ಆಮೇಲಿಂದ ಸೂಜಿಗೆ ಮೊದಲೇ ಹೇಳುತ್ತೇನೆ. ಜೊತೆಗೆ ಬಂದವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಹೇಳಿದ್ದನ್ನು ಅವರ ಬಾಯಿಂದ ತಿರುಗಿ ಕೇಳುತ್ತೇನೆ. "ಹಾಲಿಗೆ ಹೆಪ್ಪು ಹಾಕಿ ಗಡಿಗೆ ಅಲ್ಲಾಡಿಸ್ತೀರೇನು? ಮೊಸರು ಕೂಡ್ತದೇನು?" ಅಂದರೆ ಹೆಣ್ಣುಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. ಆ ಗೂಡಿನಲ್ಲಿ ರಕ್ತ ಹೆಪ್ಪುಗಟ್ಟಿ ಕೂರಬೇಕು. ಅದೇ ಎಲುಬಿಗೆ ಹೊದಿಕೆ. ಹತ್ತಿಯನ್ನು ಮುಕ್ಕಾಲು ತಾಸು ಕಚ್ಚಿ ಹಿಡಿಯಬೇಕು, ಮತ್ತೆ ಮತ್ತೆ ತೆಗೆದು ನೋಡಬಾರದು. 24 ತಾಸು ಉಗುಳಬಾರದು, ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಏನೂ ಹೀರಬಾರದು. ಜೊಲ್ಲು ನುಂಗಬೇಕು. ಮೊದಲ ದಿನ ಜೊಲ್ಲು ತಿಳಿಗೆಂಪು ಇರುವುದು ಸಹಜ. ದೂರದ ಊರಿನವರನ್ನು ಒಂದು ತಾಸು ನನ್ನಲ್ಲೇ ಕೂರಿಸಿಕೊಂಡು ಬಸ್ಸಿಗೆ ಕಳಿಸುತ್ತೇನೆ. ಕಿಟಕಿ ಪಕ್ಕ ಕೂತರೆ ಉಗುಳುವ ಮನಸ್ಸಾಗುತ್ತದೆ, ಅಲ್ವಾ?

ಬೀಡಿ, ಗುಟ್ಕಾ, ತಂಬಾಕು, ಹಲ್ಲಿಗೆ ತಿಕ್ಕುವ ಮಿಶ್ರಿ ಯಾವುದೂ ಬೇಡ. ವಾರವಾದರೂ ಬಿಡಿ ಅಂತ ಕೈಮುಗಿದು ಕೇಳುತ್ತೇನೆ. ನೋವಿನ ಗುಳಿಗೆಯನ್ನು ಜೋಮು ಇಳಿಯುವ ಮೊದಲೇ ತೆಗೆದುಕೊಳ್ಳಬೇಕು. ಜೋಮು 2-3 ತಾಸು ಇರುತ್ತದೆ, ಅಷ್ಟು ಹೊತ್ತು ಮಕ್ಕಳು ತುಟಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಊಟಕ್ಕೆ ತಣ್ಣನೆಯ ನುಚ್ಚು-ಮಜ್ಜಿಗೆ, ಮೊಸರನ್ನ. ಶೇಂಗಾ ಹಿಂಡಿ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ, ಬೇಡ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಬಾಯಲ್ಲಿ ಮೆಲ್ಲಗೆ ಆಡಿಸಬೇಕು. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂರು ದಿನದ ಮೇಲೆ ನೋವು ಏರಿದರೆ ಫೋನ್ ಮಾಡಲೇಬೇಕು.

ಬುದ್ಧಿ ಹಲ್ಲು ಎಲುಬಿನಲ್ಲಿ ಅಡ್ಡ ಮಲಗಿದ್ದರೆ ಲೆಕ್ಕ ಬೇರೆ. ವಸಡು ಕೊಯ್ದು, ಹಲ್ಲನ್ನು ತುಂಡು ಮಾಡಿ ತೆಗೆದು, ಹೊಲಿಗೆ ಹಾಕಬೇಕು. ಎರಡು ಮೂರು ದಿನ ಗಲ್ಲ ಬಾತು ಆಮೇಲೆ ಇಳಿಯುತ್ತದೆ. ಬೇರು ನರಕ್ಕೆ ತಾಗಿಕೊಂಡಿದ್ದರೆ ನಾನು ಕೈ ಹಾಕುವುದಿಲ್ಲ, ದವಡೆ ಸರ್ಜನ್ ಹತ್ತಿರ ಕಳಿಸುತ್ತೇನೆ. ನಮ್ಮ ಊರಲ್ಲೇ ದಂತ ಕಾಲೇಜುಗಳಿವೆ.

ಮುತ್ಯಾನ ಹಲ್ಲು ತೆಗೆದ ದಿನ ಸಂಜೆ ಮೊಮ್ಮಗ ಫೋನ್ ಮಾಡಿದ. ಹಿಂದಿನಿಂದ ಅವರ ದನಿ ಕೇಳಿಸಿತು: "ಉಗುಳಿಲ್ಲಂತ ಹೇಳು. ತಂಬಾಕದ ಚೀಲ ನಿನ್ನ ಕೈಯಾಗೇ ಅದ ಅಂತ ಹೇಳು." ವಾರದ ಮೇಲೆ ಬಂದಾಗ ಟಾರ್ಚ್ ಹಿಡಿದು ನೋಡಿದೆ. ಅಂಚಿನಿಂದ ಗುಲಾಬಿ ಬಣ್ಣದ ಹೊಸ ವಸಡು ಒಳಗೆ ಬರುತ್ತಿತ್ತು. ಕಡಕ್ ರೊಟ್ಟಿ ಯಾವಾಗ ತಿನ್ನಲಿ ಅಂತ ಕೇಳಿದರು. ಇನ್ನೆರಡು ವಾರ ಆ ಕಡೆಯಿಂದ ಅಗಿಯಬೇಡಿ, ಅಲ್ಲಿವರೆಗೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನಿ ಅಂದೆ.